ಮೈಸೂರು ಜನನ ದಾಖಲೆ ಅಧ್ಯಯನ

ಹುಟ್ಟುತೂಕ ಹಾಗೂ ಗರ್ಭಿಣಿಯ ಪೋಷಣೆಗೂ ನಡುವಯಸ್ಸಿನ ಹೃದ್ರೋಗ, ಮಧುಮೇಹಗಳಿಗೂ ಇರುವ ನಂಟನ್ನು ಪರಿಶೀಲಿಸಿದ ಸಂಶೋಧನಾ ಸರಣಿ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (ಊರವರಿಗೆ ಮಿಷನ್ ಆಸ್ಪತ್ರೆ) ಹಾಗೂ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು 1990ರ ದಶಕದಲ್ಲಿ ಇದನ್ನು ಕೈಗೊಂಡರು.

ಹಿನ್ನೆಲೆ

ಕಡಿಮೆ ತೂಕದ ಶಿಶುಗಳು ದೊಡ್ಡವರಾದ ಮೇಲೆ ಹೃದ್ರೋಗದಿಂದ ಸಾಯುವ ಸಂಭವ ಹೆಚ್ಚೆಂದು ಡೇವಿಡ್ ಬಾರ್ಕರ್ 1989ರಲ್ಲಿ ಹರ್ಟ್‌ಫರ್ಡ್‌ಷೈರ್‌ನ ಹಳೆಯ ದಾಖಲೆಗಳಿಂದ ತೋರಿಸಿದ್ದರು. ಸಣ್ಣ ಕೂಸುಗಳೇ ಹೆಚ್ಚಾಗಿ ಹುಟ್ಟುವ ಭಾರತಕ್ಕೂ ಇದು ಅನ್ವಯಿಸುವುದೇ ಎಂಬುದು ಮುಂದಿನ ಪ್ರಶ್ನೆಯಾಯಿತು.

ದಾಖಲೆಗಳು

ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೂ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನೂ ತಾಯಿಯ ತೂಕವನ್ನೂ ಬರೆದಿಡಲಾಗುತ್ತಿತ್ತು. ಆ ಕಾಲದ ಭಾರತದ ಮಟ್ಟಿಗೆ ಇಂಥ ಸಂಗ್ರಹ ಬಲು ಅಪರೂಪ. ಹೆರಿಗೆ ಕೋಣೆಯ ನಿತ್ಯದ ಕೆಲಸವಾಗಿ ದಾದಿಯರು ತುಂಬಿದ ಈ ಪುಸ್ತಕಗಳಿಲ್ಲದೆ ಅಧ್ಯಯನವೇ ಇರುತ್ತಿರಲಿಲ್ಲ. ಅವರ ಶ್ರಮಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

1934–54ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಆಸ್ಪತ್ರೆಯ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯ ಪರೀಕ್ಷೆಯ ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹುಟ್ಟುತೂಕ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕೆ.ಜಿ. ಅಥವಾ ಹೆಚ್ಚಿದ್ದವರಲ್ಲಿ ಶೇ. 3ರಷ್ಟು ಮಾತ್ರ. 45 ವರ್ಷ ದಾಟಿದವರ ಪೈಕಿ, ತಾವು ಸಣ್ಣವರಾಗಿ ಹುಟ್ಟಿದ್ದು, ತಾಯಿಯೂ ಗರ್ಭಿಣಿಯಾಗಿದ್ದಾಗ 45 ಕೆ.ಜಿ. ಮುಟ್ಟದಿದ್ದವರಲ್ಲಿ ಈ ಪ್ರಮಾಣ ಶೇ. 20ಕ್ಕೇರಿತ್ತು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಕಾಯಿಲೆ ಕಂಡುಬಂದವರು ಒಟ್ಟು 52 ಮಂದಿ. ಪರೀಕ್ಷೆಯ ಹೊತ್ತಿಗೆ ತೀರಿಕೊಂಡಿದ್ದವರು, ಊರು ಬಿಟ್ಟವರು ಲೆಕ್ಕಕ್ಕೆ ಸಿಗಲಿಲ್ಲ. ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಆಸ್ಪತ್ರೆಗೆ ಬಂದವರು ಇಡೀ ಊರಿನ ಪ್ರತಿನಿಧಿಗಳೂ ಅಲ್ಲ. ನಂಟು ಕಂಡಿತೆಂದ ಮಾತ್ರಕ್ಕೆ ಕಡಿಮೆ ತೂಕವೇ ಕಾರಣವೆನ್ನಲಾಗದು.

ಮಧುಮೇಹ

ಹೃದ್ರೋಗದ ಜಾಡು ಇಲ್ಲಿ ಹೊಂದಲಿಲ್ಲ. 506 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮಧುಮೇಹ ಹೆಚ್ಚು ಕಂಡದ್ದು ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ ಮತ್ತು ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಬಸಿರಿನಲ್ಲಿ ತಾಯಿಯ ರಕ್ತದ ಸಕ್ಕರೆ ಏರಿದ್ದಿರಬಹುದೆಂಬುದು ಸಂಶೋಧಕರ ಊಹೆ. ಸರಣಿಯ ಮುಖ್ಯ ಕೊಡುಗೆ ಇದೇ ಎನ್ನಬೇಕು: ಎರಡೂ ರೋಗಗಳನ್ನು 'ಕಡಿಮೆ ಹುಟ್ಟುತೂಕದ ಫಲ' ಎಂದು ಒಂದೇ ಗಂಟಿಗೆ ಕಟ್ಟುವ ವಿವರಣೆಗಳಿಗೆ ಮೈಸೂರಿನ ಪುರಾವೆ ಒಗ್ಗುವುದಿಲ್ಲ.

ಆ ಊಹೆಯನ್ನು ಒರೆಗೆ ಹಚ್ಚಲು 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು 'ಪಾರ್ಥೆನಾನ್' ಅಧ್ಯಯನ ಆರಂಭವಾಯಿತು. ಪರೀಕ್ಷಿಸಿದವರಲ್ಲಿ ಶೇ. 6ರಷ್ಟು ಮಂದಿಗೆ ಬಸಿರಿನ ಮಧುಮೇಹ, ಶೇ. 43ರಷ್ಟು ಮಂದಿಗೆ ಬಿ12 ಜೀವಸತ್ವದ ಕೊರತೆ ಇತ್ತು. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು.

ಆಹಾರ ಪ್ರಯೋಗ

ಇದೇ ಚಿಂತನೆಯ ಮುಂದುವರಿಕೆಯಾಗಿ ಮುಂಬಯಿಯ ಕೊಳೆಗೇರಿಗಳ ಮಹಿಳೆಯರಿಗೆ ಬಸಿರಾಗುವ ಮೊದಲಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ ಕೊಡಲಾಯಿತು. ಮಕ್ಕಳ ಸರಾಸರಿ ಹುಟ್ಟುತೂಕ ಒಟ್ಟಾರೆಯಾಗಿ ಹೆಚ್ಚಲಿಲ್ಲ. ಬಸಿರಿನ ಮಧುಮೇಹ ಮಾತ್ರ ಹೋಲಿಕೆಯ ಗುಂಪಿನಲ್ಲಿ ಶೇ. 12.4ರಷ್ಟಿದ್ದರೆ, ಈ ತಿಂಡಿ ತಿಂದವರಲ್ಲಿ ಶೇ. 7.3ರಷ್ಟು ಕಂಡಿತು.