ಒಮಾನಿನಲ್ಲಿ ದಿನದ ಊಟಗಳ ಹೆಸರುಗಳು

ಒಮಾನಿನಲ್ಲಿ ದಿನದ ಊಟಗಳಿಗೆ ಇರುವ ಹೆಸರುಗಳು ಊರು, ಬುಡಕಟ್ಟು, ಮನೆಮಾತುಗಳಿಗೆ ತಕ್ಕಂತೆ ಬದಲಾಗುತ್ತವೆ. ಇಂದಿನ ರೂಢಿಯ ಅರಬ್ಬಿಯಲ್ಲಿ ಬೆಳಗಿನದು ರಿಯೂಕ್ ಅಥವಾ ಫುತೂರ್, ಮಧ್ಯಾಹ್ನದ್ದು ಘದಾ, ರಾತ್ರಿಯದು ಅಶಾ. ಮೈಸೂರು ಕಡೆಯ ‘ತಿಂಡಿ’ ಧಾರವಾಡದಲ್ಲಿ ‘ನಾಷ್ಟಾ’ ಆಗುವುದನ್ನು ಕಂಡ ಕನ್ನಡಿಗರಿಗೆ ಇದು ಹೊಸತೇನಲ್ಲ. ಒಮಾನಿನ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಇವುಗಳಲ್ಲಿ ಕೆಲವು ಕಾಲಾಂತರದಲ್ಲಿ ಒಂದು ಹೊತ್ತಿನಿಂದ ಇನ್ನೊಂದು ಹೊತ್ತಿಗೆ ಸರಿದಿವೆ. ಹಳೆಯ ಬರಹವನ್ನು ಇಂದಿನ ನಿಘಂಟು ಹಿಡಿದು ಓದಿದರೆ ಯಾರು ಯಾವಾಗ ಉಂಡರು ಎಂಬುದೇ ತಪ್ಪಿಹೋಗುತ್ತದೆ.

ಹೆಚ್ಚು ಗೊಂದಲಕ್ಕೆ ಕಾರಣವಾದ ಪದ ಘದಾ. ನಸುಕು, ಮುಂಜಾನೆ ಎಂಬ ಅರ್ಥದ ‘ಘದಾತ್’ ಇದರ ಒಡಹುಟ್ಟು. ಹಾಗಾಗಿ ಹಳೆಯ ಅರಬ್ಬಿಯಲ್ಲಿ ಘದಾ ಎಂದರೆ ಬೆಳಗಿನ ಊಟ. ಕುರಾನಿನ 18ನೆಯ ಅಧ್ಯಾಯದ 62ನೆಯ ವಚನದಲ್ಲಿ ದಾರಿ ನಡೆದು ದಣಿದ ಪ್ರವಾದಿ ಮೂಸಾ ತನ್ನ ಜೊತೆಗಾರ ಹುಡುಗನಿಂದ ಕೇಳುವುದು ಘದಾವನ್ನೇ. ಉಪವಾಸ ಹಿಡಿಯುವ ಮುನ್ನ ನಸುಕಿನಲ್ಲಿ ಉಣ್ಣುವ ಸಹೂರ್ ಅನ್ನು ‘ಮಂಗಳಕರವಾದ ಘದಾ’ ಎಂದು ಕರೆಯುವ ಹದೀಸ್ ಕೂಡ ಇದೆ. ಸೂರ್ಯ ಹುಟ್ಟುವ ಮೊದಲಿನ ಊಟವೂ ಘದಾ ಎನಿಸಿಕೊಂಡಿದ್ದ ಮೇಲೆ ಅದನ್ನು ಕಣ್ಣುಮುಚ್ಚಿ ‘ಮಧ್ಯಾಹ್ನದ ಊಟ’ ಎಂದು ಅನುವಾದಿಸುವುದು ಸಲ್ಲದು. ಆಗ ಮುಖ್ಯ ಊಟಗಳು ಎರಡೇ: ಬೆಳಗಿನ ಘದಾ, ಸಂಜೆ ಕತ್ತಲಾಗುವಾಗಿನ ಅಶಾ. ಬೆಳಗಿನ ಚಿಕ್ಕ ಊಟಕ್ಕೆ ಬೇರೆ ಹೆಸರು ನಿಂತ ಮೇಲೆ ಘದಾ ನಡುಹಗಲಿಗೆ ಸರಿದಿರಬೇಕು ಎನ್ನುವುದು ಒಪ್ಪತಕ್ಕ ಊಹೆ. ಅಶಾ ಮಾತ್ರ ಕದಲಲಿಲ್ಲ. ರಾತ್ರಿಯ ನಮಾಜಾದ ಇಶಾ ಅದೇ ಧಾತುವಿನದು, ದಿನವೂ ಅದೇ ಹೊತ್ತಿಗೆ ಕೂಗಿ ಕರೆಯುವುದು. ಹೆಸರನ್ನು ಅದರ ಜಾಗದಲ್ಲಿ ಹಿಡಿದಿಟ್ಟದ್ದು ಈ ನಂಟೇ ಇರಬಹುದು.

ಇಂಥ ಸರಿದಾಟ ಅರಬ್ಬಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲಿಷಿನ ಡಿನ್ನರ್ ಮೂಲದಲ್ಲಿ ಉಪವಾಸ ಮುರಿಯುವುದು ಎಂಬ ಅರ್ಥದ ಲ್ಯಾಟಿನ್ ಪದ. ಅದು ಮೊದಲು ನಡುಹಗಲಿನ ಊಟವಾಗಿ, ಆಮೇಲೆ ರಾತ್ರಿಗೆ ಹೋಯಿತು.

ರಿಯೂಕ್ ಕುವೈತಿನಿಂದ ಒಮಾನಿನವರೆಗೆ ಇಡೀ ಕೊಲ್ಲಿ ಕರಾವಳಿಯ ಪದ. ಇದರ ಮೂಲ ‘ರೀಕ್’, ಎಂದರೆ ಬಾಯಲ್ಲಿನ ಜೊಲ್ಲು, ಎಂಬುದು ಒಂದು ಪಕ್ಷ. ಅರಬ್ಬಿಯಲ್ಲಿ ‘ಜೊಲ್ಲಿನ ಮೇಲೆ’ ಎಂದರೆ ನಮ್ಮ ‘ಬರಿಹೊಟ್ಟೆಯಲ್ಲಿ’ ಎಂದಂತೆ. ತಿಳಿಯಾಗುವುದು ಎಂಬ ಅರ್ಥದ ಧಾತುವಿಗೆ, ಲೆಬನಾನಿನವರು ಬೆಳಗಿನ ಊಟಕ್ಕೆ ಬಳಸುವ ‘ತರ್ವೀಕಾ’ಕ್ಕೆ, ಇದನ್ನು ಜೋಡಿಸುವುದು ಇನ್ನೊಂದು ಪಕ್ಷ. ಬರಿಹೊಟ್ಟೆಯ ನಂಟೇ ಹೆಚ್ಚು ಸಹಜವಾಗಿ ತೋರುತ್ತದೆ. ಫುತೂರ್ ಕೂಡ ಉಪವಾಸ ಮುರಿಯುವುದೇ ತಾನೆ.

ಒಂದೇ ಪದ ಒಮಾನಿನ ಒಳಗೆ ಎರಡು ಬಗೆಯಾಗಿ ಕೇಳಿಸುತ್ತದೆ. ಬೆಟ್ಟದೊಳಗಿನ, ತೋಟಗಾರಿಕೆಯ ಹಳ್ಳಿಗಳ ಮಾತಿನಲ್ಲಿ ಗಂಟಲಾಳದ ‘ಕ್’ ಉಳಿದು ರಿಯೂಕ್ ಆಗುತ್ತದೆ. ಮರಳುಗಾಡಿನ ಬದೂಗಳ ಬಾಯಲ್ಲಿ ಅದು ‘ಗ್’ ಆಗಿ ರ್ಯೂಗ್. ಬೆಳಗಿನ ಊಟದ ಹೆಸರು ಹೇಳಿದರೆ ಸಾಕು, ಮಾತಾಡಿದವರ ಹಿನ್ನೆಲೆ ಗೊತ್ತಾಗಿಬಿಡುತ್ತದೆ. ಈ ಒಡಕನ್ನು ಇಡೀ ದೇಶದ ನಕ್ಷೆಯ ಮೇಲೆ ಒರೆಗೆ ಹಚ್ಚಿ ನೋಡಿದ್ದು ಭಾಷಾವಿಜ್ಞಾನಿ ಕ್ಲೈವ್ ಹೋಲ್ಸ್ ಅವರ 1989ರ ಲೇಖನ. ಅದಕ್ಕೆ ನೂರು ವರ್ಷ ಮೊದಲು, 1889ರಲ್ಲಿ, ಒಮಾನಿ ಅರಬ್ಬಿಯ ಬಗ್ಗೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದವರು ಮಸ್ಕತ್‌ನಲ್ಲಿ ವೈದ್ಯರಾಗಿದ್ದ ಭಾರತೀಯ ಎ. ಎಸ್. ಜಿ. ಜಯಕರ್. 1894ರಲ್ಲಿ ಜರ್ಮನಿಯ ಕಾರ್ಲ್ ರೈನ್‌ಹಾರ್ಟ್ ಬನೀ ಖರೂಸ್ ಕಣಿವೆಯ ಮಾತಿನ ವ್ಯಾಕರಣವನ್ನು ಪ್ರಕಟಿಸಿದರು.

ಮೂರು ಊಟಗಳ ಲೆಕ್ಕಕ್ಕೆ ಸಿಗದ ನಾಲ್ಕನೆಯದೊಂದಿದೆ, ಫುವಾಲಾ. ಇದನ್ನು ‘ಕುರುಕಲು’ ಎಂದರೆ ಅದರ ಮರ್ಯಾದೆಗೆ ಕಡಿಮೆ. ಮನೆಗೆ ಬಂದವರ ಮುಂದೆ ನೆಲದ ಮೇಲೆ ತಟ್ಟೆ ಇಡುತ್ತಾರೆ: ಖರ್ಜೂರ, ಹೆಚ್ಚಿದ ಹಣ್ಣು, ಕೇಸರಿ ಏಲಕ್ಕಿಯ ಘಮದ, ಬೆರಳಿಗೆ ಅಂಟುವ ಒಮಾನಿ ಹಲ್ವಾ. ಸಿಹಿ ಬಾಯಿಗೆ ಬಿದ್ದ ಮೇಲೆಯೇ ಕಹಿ ಕಾಫಿ. ಹಿಡಿಯಿಲ್ಲದ ಪುಟ್ಟ ಫಿಂಜಾನಿನ ತಳದಲ್ಲಿ ನಾಲ್ಕು ಗುಟುಕು ಮಾತ್ರ ಹೊಯ್ಯುತ್ತಾರೆ. ಸಾಕೆನಿಸಿದರೆ ಬಟ್ಟಲನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಬೇಕು, ಇಲ್ಲವಾದರೆ ಇನ್ನೊಮ್ಮೆ ತುಂಬುತ್ತಲೇ ಇರುತ್ತಾರೆ. ಇದಕ್ಕೆ ಗೊತ್ತಾದ ಗಂಟೆಯಿಲ್ಲ. ಅತಿಥಿ ಬಂದ ಹೊತ್ತೇ ಫುವಾಲಾದ ಹೊತ್ತು. ಅರಬ್ಬಿ ಕಾಫಿಯ ಸತ್ಕಾರ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಅರ್ಜಿ ಹಾಕಿದ ನಾಲ್ಕು ದೇಶಗಳಲ್ಲಿ ಒಮಾನ್ ಒಂದು.

ಕಡಲಾಚೆಯಿಂದ ಬಂದ ಹೆಸರುಗಳ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಮಾನಿನ ದೊರೆ ಸಯ್ಯಿದ್ ಸಯೀದ್ ತನ್ನ ಆಸ್ಥಾನವನ್ನು ಜಾಂಜಿಬಾರಿಗೆ ಒಯ್ದ ಮೇಲೆ ಸಾವಿರಾರು ಒಮಾನಿ ಮನೆಗಳಲ್ಲಿ ಸ್ವಾಹಿಲಿ ಬೇರೂರಿತು. 1964ರ ಜಾಂಜಿಬಾರ್ ಕ್ರಾಂತಿಯ ನಂತರ, ಅದಕ್ಕೂ ಹೆಚ್ಚಾಗಿ 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ನಂತರ, ಮರಳಿದವರು ಅಲ್ಲಿಯ ಮಾತನ್ನೂ ತಂದರು. ಸ್ವಾಹಿಲಿಯಲ್ಲಿ ಬೆಳಗಿನದು ‘ಕಿಫುಂಗುವಾ ಕಿನ್ವಾ’, ಬಾಯಿ ತೆರೆಸುವಂಥದ್ದು. ಅಥವಾ ‘ಚಾಮ್ಷಾ ಕಿನ್ವಾ’, ಬಾಯನ್ನು ಎಬ್ಬಿಸುವಂಥದ್ದು. ಅದಕ್ಕೇ ಇರುವ ಇನ್ನೊಂದು ಹೆಸರು ‘ಸ್ತಾಫ್ತಾಹಿ’, ಆರಂಭ ಎಂಬ ಅರ್ಥದ ಅರಬ್ಬಿಯ ‘ಇಸ್ತಿಫ್ತಾಹ್’ನಿಂದ ಬಂದದ್ದು. ರಮಜಾನಿನ ಸಹೂರ್‌ಗೆ ಸ್ವಾಹಿಲಿಯವರದು ‘ದಾಕು’ ಎಂಬ ಪದ.

ಮತ್ರಾ ಮತ್ತು ಬಾತಿನಾ ಕರಾವಳಿಯ ಬಲೂಚಿಗಳ ಹಿರಿಯರು ಕಡಲಿನ ಆಚೆ ದಡದ ಮಕ್ರಾನ್ ಕಡೆಯವರು. ಅಲ್ಲಿಯ ಗ್ವಾದರ್ ಬಂದರು 1958ರವರೆಗೆ ಒಮಾನಿನ ಕೈಯಲ್ಲೇ ಇತ್ತು. ಬಲೂಚಿಯಲ್ಲಿ ಬೆಳಿಗ್ಗೆ ನಿಹಾರಿ, ಮಧ್ಯಾಹ್ನ ಸಬಾರಗ್, ರಾತ್ರಿ ಶಾಮ್. ಈ ನಿಹಾರಿ ಕನ್ನಡಿಗರ ಮನೆಬಾಗಿಲಿಗೂ ಬಂದಿದೆ: ಮರಾಠಿಯ ನ್ಯಾಹಾರಿ, ಉತ್ತರ ಕರ್ನಾಟಕದ ಹೊಲಗಳಲ್ಲಿ ಕೇಳುವ ನ್ಯಾರಿ ಇದರ ಸೋದರರು. ಮೂಲದ ಬಗ್ಗೆ ಎರಡು ಮಾತುಗಳಿವೆ. ಹಗಲು ಎಂಬ ಅರ್ಥದ ಅರಬ್ಬಿಯ ‘ನಹಾರ್’ ಎನ್ನುವವರಿದ್ದಾರೆ. ಬೆಳಗಿನಿಂದ ಏನೂ ತಿನ್ನದಿರುವುದು ಎಂಬ ಅರ್ಥದ ಪಾರಸಿಯ ‘ನಾಹಾರ್’ ಎನ್ನುವವರೂ ಇದ್ದಾರೆ. ಅದೇ ನಾಹಾರ್ ಇಂದಿನ ಇರಾನಿನಲ್ಲಿ ಮಧ್ಯಾಹ್ನದ ಊಟವಾಗಿದೆ. ಘದಾ ಹಿಡಿದ ದಾರಿಯನ್ನೇ ಅದೂ ಹಿಡಿದಿದೆ.

ದಕ್ಷಿಣದ ಧೋಫಾರಿನ ಮೆಹ್ರಿ, ಜಿಬ್ಬಾಲಿ ಮತ್ತು ಪಕ್ಕದ ಹರ್ಸೂಸಿ ಅರಬ್ಬಿಯ ಉಪಭಾಷೆಗಳಲ್ಲ, ಸ್ವತಂತ್ರ ಭಾಷೆಗಳು, ಆದ್ದರಿಂದ ಅಲ್ಲಿಯ ಊಟದ ಹೆಸರುಗಳನ್ನು ಅರಬ್ಬಿಯ ಲೆಕ್ಕಕ್ಕೆ ಸೇರಿಸಲಾಗದು. ಟಿ. ಎಂ. ಜಾನ್‌ಸ್ಟನ್ ಅವರ ನಿಘಂಟುಗಳು (ಹರ್ಸೂಸಿ 1977, ಜಿಬ್ಬಾಲಿ 1981, ಮೆಹ್ರಿ 1987) ಈ ಭಾಷೆಗಳ ಪದಗಳಿಗೆ ಇಂದಿಗೂ ಮುಖ್ಯ ಆಧಾರ.

1970ರ ನಂತರದ ದೊಡ್ಡ ಬದಲಾವಣೆ ಕಚೇರಿಯ ಗಡಿಯಾರದಿಂದ ಬಂದದ್ದು. ಸರ್ಕಾರಿ ಕೆಲಸ ಬೆಳಿಗ್ಗೆ 7:30ರಿಂದ ಮಧ್ಯಾಹ್ನ 2:30ರವರೆಗೆ ಎಂದಾದಾಗ ಮನೆಯ ಘದಾ ಮೂರು ಗಂಟೆಗೆ ಜಾರಿತು. ರಿಯೂಕ್ ಮನೆಯಿಂದ ಬೀದಿಗೂ ಬಂತು. ಬಹುಪಾಲು ಮಲಯಾಳಿಗಳು ನಡೆಸುವ ಕಾಫಿ ಶಾಪ್‌ಗಳಲ್ಲಿ ಬಿಸಿ ಪರೋಟಕ್ಕೆ ಚೀಸ್ ಸವರಿ, ಮೇಲೆ ‘ಚಿಪ್ಸ್ ಒಮಾನ್’ ಪೊಟ್ಟಣವನ್ನು ಪುಡಿಮಾಡಿ ಉದುರಿಸಿ, ಸುರುಳಿ ಸುತ್ತಿ ಕಡಕ್ ಚಹಾದ ಜೊತೆ ಕೊಡುತ್ತಾರೆ. ಹೊರಗೆ ದುಡಿಯುವವರಿಗೆ ಇನ್ನೊಂದು ಗಡಿಯಾರ: ಜೂನ್‌ನಿಂದ ಆಗಸ್ಟ್‌ವರೆಗೆ 12:30ರಿಂದ 3:30ರ ತನಕ ಬಿಸಿಲಿನ ಕೆಲಸಕ್ಕೆ ಕಾನೂನಿನ ತಡೆ ಇರುವುದರಿಂದ ಅವರ ಮಧ್ಯಾಹ್ನದ ಊಟ ಆ ಬಿಡುವಿನೊಳಗೇ ಆಗುತ್ತದೆ.

ಮಂಗಳೂರು, ಉಡುಪಿ, ಕಾಸರಗೋಡು, ಭಟ್ಕಳಗಳಿಂದ ಹೋದವರ ಮನೆಗಳಲ್ಲಿ ತುಳುವಿನ ಒಣಸ್, ಕೊಂಕಣಿಯ ಜೆವಣ್, ಕನ್ನಡದ ಊಟ ಹಾಗೆಯೇ ಉಳಿದಿವೆ. ಈ ಮೂರೂ ಗಂಟೆಗೆ ಕಟ್ಟುಬಿದ್ದ ಹೆಸರುಗಳಲ್ಲ, ಆದ್ದರಿಂದ ಮಸ್ಕತ್‌ನ ಗಡಿಯಾರಕ್ಕೆ ಸುಲಭವಾಗಿ ಒಗ್ಗಿವೆ. ಅರಬ್ಬಿಯ ಫುತೂರ್ ಮಾತ್ರ ರಮಜಾನ್ ಬಂದ ಕೂಡಲೇ ಬೆಳಗನ್ನು ಬಿಟ್ಟು ಮುಸ್ಸಂಜೆಗೆ ಬರುತ್ತದೆ. ಆ ತಿಂಗಳು ಸೂರ್ಯ ಮುಳುಗುವಾಗ ಖರ್ಜೂರ ಬಾಯಿಗಿಟ್ಟು ಆರಂಭಿಸುವ ಊಟಕ್ಕೇ ಆ ಹೆಸರು.