ದಾರಿಯಲ್ಲಿ ದೊರೆತ ಒಡನಾಟ: ಕನಕಗಿರಿಯ ದೇವಚಂದ್ರ ಮತ್ತು ಕಾಲಿನ್ ಮೆಕೆಂಜಿ

ದೇಶ ತಿರುಗುವವರಿಗೆ ದಾರಿಯಲ್ಲಿ ಸಿಗುವ ಸ್ನೇಹವು ಮನೆಯ ನೆರೆಹೊರೆಯ ಸ್ನೇಹಕ್ಕಿಂತ ಬೇರೆ ಬಗೆಯದು. ಅದಕ್ಕೆ ಬಂಧುತ್ವದ ಆಸರೆಯಿಲ್ಲ, ಒಂದೇ ಊರಿನ ಒಂದೇ ನೀರು ಕುಡಿದ ನಂಟಿಲ್ಲ. ನಾಲ್ಕು ದಿನ ಒಂದೇ ದಾರಿಯನ್ನು ತುಳಿದುದೇ ಅದರ ಬುನಾದಿ. ದಾರಿ ಕವಲೊಡೆದೊಡನೆ ಒಡನಾಟವೂ ಮುಗಿಯುತ್ತದೆ. ಹಲವು ಸಲ ಮತ್ತೆ ಭೇಟಿಯೇ ಆಗುವುದಿಲ್ಲ. ಇಂದಿನ ತರುಣರು ಬೆನ್ನಿಗೆ ಚೀಲ ಹಾಕಿಕೊಂಡು ಪ್ರಪಂಚ ಸುತ್ತುವಾಗ ಕಾಣುವ ಈ ಅನುಭವವು ಹೊಸದಲ್ಲ. ಅಂತಹ ಒಂದು ಅಲ್ಪಕಾಲದ ಒಡನಾಟವು ಕನ್ನಡ ಸಾಹಿತ್ಯ ಮತ್ತು ಇತಿಹಾಸದ ಅಧ್ಯಯನದಲ್ಲಿ ಅಳಿಯದ ಗುರುತನ್ನು ಉಳಿಸಿದೆ. ಅದು ನಡೆದುದು 1804ರಲ್ಲಿ, ಇಂದಿನ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ.

ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆ ಮೊದಲಿನಿಂದಲೂ ಹಾದಿಗಳ ಸೀಮೆ. ಮೈಸೂರಿನಿಂದ ನಂಜನಗೂಡನ್ನು ದಾಟಿ ಗುಂಡ್ಲುಪೇಟೆಗೆ ಬಂದವರು ಅಲ್ಲಿಂದ ನೀಲಗಿರಿಯ ಕಡೆಗೋ ವಯನಾಡಿನ ಕಡೆಗೋ ಹೋಗಬಹುದು. ಚಾಮರಾಜನಗರದಿಂದ ಮೂಡಲಿಗೆ ಹೊರಟವರು ಘಟ್ಟವಿಳಿದು ಸತ್ಯಮಂಗಲವನ್ನು ಸೇರಬಹುದು. ಸೈನ್ಯ, ವರ್ತಕರು, ಯಾತ್ರಿಕರು ಎಲ್ಲರೂ ಇಲ್ಲಿ ಹಾದುಹೋದವರೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ನೀಲಗಿರಿಯವರೆಗೆ ದಂಡೆತ್ತಿ ಹೋದವನು. 1117ರಲ್ಲಿ ಅವನು ಅರಿಕುಠಾರದಲ್ಲಿ ಬಸದಿಯನ್ನು ಕಟ್ಟಿಸಿದ. ಕೆಟ್ಟ ವರ್ತಕರಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗರಿಗೂ ಅವನು ನೆರವಾದನೆಂದು ಶಾಸನವು ಹೊಗಳುತ್ತದೆ. ಆ ಅರಿಕುಠಾರವೇ ಇಂದಿನ ಚಾಮರಾಜನಗರ. ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿ ಹುಟ್ಟಿದ ತಮ್ಮ ತಂದೆಯ ಹೆಸರನ್ನು ಊರಿಗೆ ಇಟ್ಟದ್ದು 1818ರಲ್ಲಿ. ಆದ್ದರಿಂದ ನಮ್ಮ ಕಥನದ ಕಾಲಕ್ಕೆ ಅದಿನ್ನೂ ಅರಿಕುಠಾರವೇ ಆಗಿತ್ತು.

ಮಲೆಯೂರಿನ ಬೆಟ್ಟವಾದ ಕನಕಗಿರಿ ಈ ಸೀಮೆಯ ಜೈನರ ಪವಿತ್ರ ಕ್ಷೇತ್ರ. ಪಾರ್ಶ್ವನಾಥ ಬಸದಿಯಿರುವ ಈ ಬೆಟ್ಟದಲ್ಲಿ ‘ಜೈನೇಂದ್ರ ವ್ಯಾಕರಣ’ ಮತ್ತು ‘ಸರ್ವಾರ್ಥಸಿದ್ಧಿ’ಗಳ ಕರ್ತೃವಾದ ಪೂಜ್ಯಪಾದಾಚಾರ್ಯರು ತಪಸ್ಸು ಮಾಡಿದರೆಂಬುದು ಪರಂಪರೆಯ ನಂಬಿಕೆ. ಆ ನಂಬಿಕೆಯ ನೆರಳಿನಲ್ಲಿ ಬೆಳೆದ ಕರಣಿಕ ಮನೆತನವೊಂದರಲ್ಲಿ ದೇವಚಂದ್ರನು 1770ರಲ್ಲಿ ಹುಟ್ಟಿದ. ಅವನ ಅಣ್ಣ ಪದ್ಮರಾಜನು 1792ರಲ್ಲಿ ‘ಪೂಜ್ಯಪಾದಚರಿತೆ’ಯನ್ನು ಬರೆದಿದ್ದ. ಓಲೆಗರಿ, ಲೆಕ್ಕಪತ್ರ, ಪುರಾಣಶ್ರವಣ ಇವು ಮೂರೂ ಒಂದೇ ಸೂರಿನಡಿಯಲ್ಲಿದ್ದ ಮನೆ ಅದು. ಸ್ಥಳದ ಕಥೆ ಬಲ್ಲವರು ಯಾರೆಂದು ಹೊರಗಿನವನೊಬ್ಬನು ಬಂದು ಕೇಳಿದರೆ ಜನ ಬೆರಳು ಮಾಡಿ ತೋರಿಸಬಹುದಾದ ಮನೆ.

ಅಂತಹ ಹೊರಗಿನವನು ಬಂದ. ಕಾಲಿನ್ ಮೆಕೆಂಜಿಯು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು, 1754ರಲ್ಲಿ ಹುಟ್ಟಿದವನು. ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ 1783ರಲ್ಲಿ ಭಾರತಕ್ಕೆ ಬಂದ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗಿಯಾಗಿದ್ದ. ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಬೆಟ್ಟದ ನೆತ್ತಿಯಿಂದ ಬೆಟ್ಟದ ನೆತ್ತಿಗೆ ಕೋನ ಅಳೆದು ಗಡಿ, ಕೆರೆ, ಹಾದಿಗಳನ್ನು ನಕಾಶೆಗೆ ಇಳಿಸುವುದು ಅವನಿಗೆ ಒಪ್ಪಿಸಿದ ಕೆಲಸ. ಊರೂರಿನ ಶಾಸನ, ಕೈಫಿಯತ್ತು, ಓಲೆಗರಿ, ನಾಣ್ಯಗಳನ್ನು ಕೂಡಿಸುವುದು ಅವನು ತಾನಾಗಿ ಹಚ್ಚಿಕೊಂಡ ಕೆಲಸ.

ಆದರೆ ಅವನಿಗೆ ಈ ನಾಡಿನ ಭಾಷೆಗಳು ಬರುತ್ತಿರಲಿಲ್ಲ. 1817ರಲ್ಲಿ ಬರೆದ ಪತ್ರವೊಂದರಲ್ಲಿ ಅವನೇ ಇದನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದಾನೆ; ಭಾರತೀಯ ಜ್ಞಾನದ ಬಾಗಿಲನ್ನು ತನಗೆ ತೆರೆದವನು ಕಾವಲಿ ವೆಂಕಟ ಬೊರಯ್ಯನೆಂಬ ತೆಲುಗು ಬ್ರಾಹ್ಮಣ ತರುಣನೆಂದು ಕೃತಜ್ಞತೆಯಿಂದ ನೆನೆದಿದ್ದಾನೆ. ಬೊರಯ್ಯ, ಅವನ ಸೋದರರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ, ಜೈನ ಪಂಡಿತ ಧರ್ಮಯ್ಯ, ಇವರೆಲ್ಲ ಮೆಕೆಂಜಿಯ ಪಾಳೆಯದ ಜೊತೆ ನಡೆದವರು. ಹಳಗನ್ನಡದ ಶಾಸನವನ್ನು ಓದಿದವರು, ಪೂಜಾರಿಯನ್ನೂ ಶ್ಯಾನುಭೋಗನನ್ನೂ ಮಾತಿಗೆ ಎಳೆದವರು, ಓಲೆಯ ಕಟ್ಟು ಬಿಚ್ಚಲು ಮನೆಯವರ ಮನಸ್ಸನ್ನು ಒಲಿಸಿಕೊಂಡವರು ಇಂತಹವರೇ. ಬೊರಯ್ಯನು 1803ರಲ್ಲಿ ತೀರಿಕೊಂಡ. ಮರುವರ್ಷ ಕನಕಗಿರಿಗೆ ಬಂದಾಗ ಮೆಕೆಂಜಿಯು ತನ್ನ ಮೊದಲ ಜೊತೆಗಾರನನ್ನು ಕಳೆದುಕೊಂಡಿದ್ದವನು.

ಈ ಭೇಟಿಯ ಸುದ್ದಿ ನಮಗೆ ತಿಳಿದಿರುವುದು ದೇವಚಂದ್ರನಿಂದ. ‘ರಾಜಾವಳಿಕಥೆ’ಯಲ್ಲಿ ಅವನು ಅದನ್ನು ಹೇಳಿಕೊಂಡಿದ್ದಾನೆ: ಮೆಕೆಂಜಿಯು ಲಕ್ಷ್ಮಣರಾಯನೆಂಬವನೊಡನೆ ಸರ್ವೆ ಮಾಡುತ್ತ ಕನಕಗಿರಿಗೆ ಬಂದ, ಸ್ಥಳದ ಹಳೆಯ ಸಂಗತಿಗಳನ್ನು ವಿಚಾರಿಸಿದ, ದೇವಚಂದ್ರನು ಪೂಜ್ಯಪಾದಚರಿತೆಯನ್ನು ಅವರ ಮುಂದಿಟ್ಟ, ಕೆಲಕಾಲ ಅವರ ಜೊತೆಯಲ್ಲಿದ್ದ. ಆಗ ದೇವಚಂದ್ರನಿಗೆ 34 ವರ್ಷ, ಮೆಕೆಂಜಿಗೆ 50. ಮೈಸೂರಿನ ಸಿಂಹಾಸನದ ಮೇಲೆ ಹತ್ತು ವರ್ಷದ ಬಾಲಕನಿದ್ದ. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ದೊರೆತನಗಳು ಬದಲಾಗಿ ಐದು ವರ್ಷವಷ್ಟೇ ಕಳೆದಿತ್ತು. ಯಾವ ಬಸದಿಯ ಯಾವ ಮಾನ್ಯ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಆತಂಕ ಊರೂರಿನಲ್ಲಿ ಇದ್ದಿರಬೇಕಾದ ಕಾಲ. ಅಂತಹ ಹೊತ್ತಿನಲ್ಲಿ ಗೆದ್ದ ಪಕ್ಷದ ಅಧಿಕಾರಿಯೊಬ್ಬನು ಬಂದು ‘ನಿಮ್ಮ ಹಿಂದಿನ ಕಥೆ ಏನು’ ಎಂದು ಕೇಳಿದರೆ ಅದನ್ನು ಬರಿಯ ಕುತೂಹಲವೆಂದು ಯಾರೂ ಎಣಿಸಲಾರರು.

ಹಾಗಾದರೆ ಇದನ್ನು ಸ್ನೇಹವೆನ್ನಬಹುದೇ? ಸಮಾನರ ನಡುವಿನ ಸ್ನೇಹವಂತೂ ಅಲ್ಲ. ಒಬ್ಬನ ಬೆನ್ನಿಗೆ ಕಂಪನಿಯ ಸರ್ಕಾರವಿತ್ತು, ಇನ್ನೊಬ್ಬನ ಬೆನ್ನಿಗೆ ಒಂದು ಬೆಟ್ಟ ಮತ್ತು ಒಂದು ಪೆಟ್ಟಿಗೆ ಓಲೆ. ಆದರೂ ಕೊಡುಕೊಳ್ಳುವಿಕೆ ಎರಡು ಕಡೆಯಿಂದಲೂ ನಡೆಯಿತು. ಮೆಕೆಂಜಿಗೆ ಕಥೆ ಸಿಕ್ಕಿತು. ದೇವಚಂದ್ರನಿಗೆ ಸಿಕ್ಕಿದ್ದು ಒಂದು ಪ್ರಶ್ನೆ. ಅಣ್ಣನ ಕಾವ್ಯವು ಆಚಾರ್ಯರೊಬ್ಬರ ಮಹಿಮೆಯನ್ನು ಹೇಳುತ್ತಿತ್ತು; ಕೇಳಲು ಬಂದವನಿಗೆ ಬೇಕಾಗಿದ್ದುದು ಮಹಿಮೆಯಷ್ಟೇ ಅಲ್ಲ, ಯಾವ ಅರಸನ ಬಳಿಕ ಯಾವ ಅರಸ, ಈ ಊರು ಯಾರಿಂದ, ಈ ಕುಲ ಎಲ್ಲಿಂದ ಎಂಬ ವಿವರ. ಪುರಾಣದ ಓದಿನಲ್ಲಿ ಪಳಗಿದ ಮನಸ್ಸಿಗೆ ತನ್ನ ಸರಕನ್ನೇ ಇನ್ನೊಂದು ಬಗೆಯಲ್ಲಿ ಜೋಡಿಸಿ ನೋಡುವ ಪ್ರೇರಣೆ ದೊರೆಯಿತು.

ಆ ಪ್ರಶ್ನೆಗೆ ಉತ್ತರ ಸಿದ್ಧವಾದದ್ದು 34 ವರ್ಷಗಳ ಮೇಲೆ. ಶಕ 1760, ಎಂದರೆ 1838ರಲ್ಲಿ ದೇವಚಂದ್ರನು ‘ರಾಜಾವಳಿಕಥೆ’ಯನ್ನು ರಚಿಸಿದ, ಮುಮ್ಮಡಿ ಕೃಷ್ಣರಾಜ ಒಡೆಯರ ಅಂತಃಪುರದ ದೇವಿರಮ್ಮಣ್ಣಿಯವರ ಆಸಕ್ತಿಯಿಂದ ಮೈಸೂರು ಅರಸರ ಚರಿತ್ರೆಯೂ ಅದಕ್ಕೆ ಸೇರಿತು. ಲೋಕಸ್ಥಿತಿಯಿಂದ ತೊಡಗಿ ಭದ್ರಬಾಹು-ಚಂದ್ರಗುಪ್ತರ ಕಥೆ, ಆಚಾರ್ಯ ಪರಂಪರೆ, ಗಂಗ-ಹೊಯ್ಸಳರು, ಕವಿಗಳು, ಕುಲಜಾತಿಗಳು, ಕೊನೆಗೆ ಮೈಸೂರಿನ ಒಡೆಯರು, ಹೀಗೆ ಕಂಡದ್ದು ಕೇಳಿದ್ದು ಓದಿದ್ದು ಎಲ್ಲವನ್ನೂ ಅವನು ಒಂದು ಕಣಜಕ್ಕೆ ತುಂಬಿದ. ಸರ್ವೆಯ ಪಾಳೆಯಕ್ಕೆ ತಾನು ಹೋದ ಸಂಗತಿಯನ್ನೂ ಆ ಕಣಜದಲ್ಲಿಯೇ ಇಟ್ಟ. ಅರಸರ ಸಾಲಿನ ನಡುವೆ ಒಬ್ಬ ದಾರಿಹೋಕನಿಗೂ ಜಾಗ ಕೊಟ್ಟ ಕೃತಿ ಇದು.

ಇದರ ಬೆಲೆ ತಿಳಿಯಬೇಕಾದರೆ ಎದುರು ಬದಿಯ ಬರಹವನ್ನೂ ನೋಡಬೇಕು. 1807ರ ‘ಏಷ್ಯಾಟಿಕ್ ರಿಸರ್ಚಸ್’ನ ಒಂಬತ್ತನೆಯ ಸಂಪುಟದಲ್ಲಿ ಜೈನರನ್ನು ಕುರಿತು ಒಂದು ವಿವರಣೆ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿ ಮೆಕೆಂಜಿಯ ಹೆಸರಿದೆ, ಭಾಷಾಂತರಿಸಿದ ಬೊರಯ್ಯನ ಹೆಸರಿದೆ. ಮಾಹಿತಿ ಕೊಟ್ಟವನು ಮಾತ್ರ ‘ಈ ಮತದ ಒಬ್ಬ ಪುರೋಹಿತ’. ಅವನಿಗೆ ಊರಿದೆ, ಹೆಸರಿಲ್ಲ. ಐರೋಪ್ಯ ವಿದ್ವತ್ತಿನಲ್ಲಿ ಜೈನಧರ್ಮದ ಅಧ್ಯಯನ ಮೊಳಕೆಯೊಡೆದ ಬರಹಗಳಲ್ಲಿ ಒಂದಾದ ಇದು ಹೇಳಿದವನ ಹೆಸರನ್ನು ಕೈಬಿಟ್ಟೇ ಹೊರಬಂದಿತು. ದೇವಚಂದ್ರನು ತನ್ನ ಪ್ರಸಂಗವನ್ನು ತಾನೇ ಬರೆದಿಡದಿದ್ದರೆ ಕನಕಗಿರಿಯ ಅವನೂ ಹೆಸರಿಲ್ಲದ ಒಬ್ಬ ಜೈನನಾಗಿ ಉಳಿಯುವ ಸಂಭವವೇ ಹೆಚ್ಚು.

ಇದರಲ್ಲಿ ದೋಷವನ್ನೆಲ್ಲ ಮೆಕೆಂಜಿಯ ಮೇಲೆ ಹೊರಿಸುವುದು ನ್ಯಾಯವಲ್ಲ. 1816ರಲ್ಲಿ ಥಾಮಸ್ ಹಿಕ್ಕಿ ಅವನ ಭಾವಚಿತ್ರವನ್ನು ಬರೆದಾಗ ಕೆಂಪು ಅಂಗಿಯ ಅಧಿಕಾರಿಯ ಸುತ್ತ ಮೂವರು ಭಾರತೀಯರೂ ಚಿತ್ರಕ್ಕೆ ಸೇರಿದರು. ಒಬ್ಬನ ಕೈಯಲ್ಲಿ ಓಲೆಗರಿ, ಮತ್ತೊಬ್ಬನ ಕೈಯಲ್ಲಿ ದೂರದರ್ಶಕ, ದೂರದಲ್ಲಿ ಗೊಮ್ಮಟನ ಮೂರ್ತಿ. ಜೊತೆಗಾರರನ್ನು ಬಿಟ್ಟು ತನ್ನನ್ನು ಕಾಣಲಾಗದೆಂಬ ಅರಿವು ಆ ಚಿತ್ರದಲ್ಲಿದೆ. ಮೆಕೆಂಜಿ ತೀರಿಕೊಂಡ ಬಳಿಕ ವ್ಯವಸ್ಥೆಗೆ ಆ ಅರಿವು ಉಳಿಯಲಿಲ್ಲ. 1821ರಲ್ಲಿ ಅವನು ಕಲ್ಕತ್ತೆಯಲ್ಲಿ ಮರಣ ಹೊಂದಿದ. ಅವನ ಸಂಗ್ರಹವನ್ನು ಕಂಪನಿಯು ಒಂದು ಲಕ್ಷ ರೂಪಾಯಿಗೆ ಕೊಂಡಿತು. ವಿಲ್ಸನ್ನರು 1828ರಲ್ಲಿ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಸಾಹಿತ್ಯಕ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಪ್ರತಿಗಳು ಇದ್ದವು. ಸಂಗ್ರಹಕಾರ್ಯವನ್ನು ಮುಂದುವರಿಸಲು ಅವಕಾಶ ಕೊಡಬೇಕೆಂದು ಲಕ್ಷ್ಮಯ್ಯನು ಕೇಳಿಕೊಂಡ. ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪರವಾಗಿ ಜೇಮ್ಸ್ ಪ್ರಿನ್ಸೆಪ್ 1836ರಲ್ಲಿ ಕೊಟ್ಟ ವರದಿಯು ಅಂತಹ ಕೆಲಸವನ್ನು ದೇಶೀಯನೊಬ್ಬನಿಗೆ ಒಪ್ಪಿಸಲಾಗದೆಂಬ ನಿಲುವನ್ನು ತಳೆಯಿತು. ಜೀವಮಾನವಿಡೀ ಆ ಕೆಲಸವನ್ನೇ ಮಾಡಿದವನಿಗೆ ಅದನ್ನು ಮಾಡುವ ಅರ್ಹತೆಯಿಲ್ಲವೆಂಬ ತೀರ್ಪು ಬಂತು.

ಆ ತೀರ್ಪು ಬಂದ ಎರಡೇ ವರ್ಷಕ್ಕೆ ಕನಕಗಿರಿಯವನ ಗ್ರಂಥ ಸಿದ್ಧವಾಯಿತೆಂಬುದು ಗಮನಿಸಬೇಕಾದ ಸಂಗತಿ. ದೇವಚಂದ್ರನು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಕಂಪನಿಯ ಸಂಬಳವಿರಲಿಲ್ಲ, ಇಂಗ್ಲಿಷಿಗೆ ತಿರುಗಿಸಬೇಕೆಂಬ ಹಂಗಿರಲಿಲ್ಲ. ಕನ್ನಡದಲ್ಲಿ, ಬಹುಮಟ್ಟಿಗೆ ಗದ್ಯದಲ್ಲಿ, ತನ್ನ ಪರಂಪರೆಯ ಕಣ್ಣಿನಿಂದ ಬರೆದ. ಸಹಪಯಣಿಗನಿಂದ ಪಡೆದ ಪ್ರಶ್ನೆಯನ್ನು ತನ್ನದಾಗಿಸಿಕೊಂಡು, ತನ್ನವರಿಗಾಗಿ ಉತ್ತರಿಸಿದ.

ದೇವಚಂದ್ರನು ಇತರರ ಒಡನಾಟಗಳನ್ನೂ ಗಮನವಿಟ್ಟು ಬರೆದಿದ್ದಾನೆ. ಗುಂಡ್ಲುಪೇಟೆಯ ಬಳಿಯ ಹಂಗಳಕ್ಕೆ ಸಂಬಂಧಿಸಿದ ಪ್ರಸಿದ್ಧ ಸ್ನೇಹವೊಂದು ಇದಕ್ಕೆ ನಿದರ್ಶನ. ಚಿಕ್ಕದೇವರಾಜ ಒಡೆಯನು ಪಟ್ಟವೇರುವ ಮೊದಲು ಹಂಗಳದಲ್ಲಿ ಬಹುಮಟ್ಟಿಗೆ ಬಂಧನದ ಬದುಕನ್ನು ಕಳೆದವನು. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಅವನ ಎಳೆಯ ಕಾಲದ ಒಡನಾಡಿ. 1673ರಲ್ಲಿ ಚಿಕ್ಕದೇವರಾಜನು ಅರಸನಾದಾಗ ಪಂಡಿತನು ಮಂತ್ರಿಯಾದ, 1686ರಲ್ಲಿ ಕೊಲೆಗೀಡಾದ. ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜನು ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇವಾಲಯವುಂಟು. ಆದರೆ ಗೆಳೆಯನ ನೆನಪನ್ನು ನಮ್ಮವರೆಗೆ ತಂದುದರಲ್ಲಿ ಕಲ್ಲಿಗಿಂತ ದೇವಚಂದ್ರನ ಓಲೆಯ ಪಾಲೇ ದೊಡ್ಡದು. ವಿಶಾಲಾಕ್ಷನ ವಿಷಯದಲ್ಲಿ ಅವನ ಬರಹಕ್ಕೆ ಸ್ವಧರ್ಮೀಯನ ಮಮತೆಯುಂಟೆಂಬುದನ್ನು ಸಂಶೋಧಕರು ಮರೆಯಬಾರದು. ಆ ಮಮತೆಯಿಲ್ಲದಿದ್ದರೆ ಇಷ್ಟು ವಿವರ ಉಳಿಯುತ್ತಿರಲಿಲ್ಲವೆಂಬುದನ್ನೂ ಮರೆಯಬಾರದು.

‘ರಾಜಾವಳಿಕಥೆ’ಯ ಬಳಕೆಯ ಚರಿತ್ರೆಯೇ ಒಂದು ಪಾಠ. ಲೂಯಿಸ್ ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ಭದ್ರಬಾಹು-ಚಂದ್ರಗುಪ್ತರ ಪರಂಪರೆಯನ್ನು ವಿವರಿಸಲು ಈ ಕೃತಿಯನ್ನೂ ಆಧರಿಸಿದರು. ಇಷ್ಟು ಈಚಿನ ಗ್ರಂಥವನ್ನು ಕ್ರಿಸ್ತಪೂರ್ವದ ಸಂಗತಿಗೆ ಸಾಕ್ಷಿಯಾಗಿ ತರುವುದನ್ನು ಫ್ಲೀಟ್ ಆಕ್ಷೇಪಿಸಿದರು. ಕಂತಿ ಮತ್ತು ಅಭಿನವ ಪಂಪರ ಸಮಸ್ಯೆಗಳ ಪ್ರಸಂಗಕ್ಕೂ ದೇವಚಂದ್ರನ ಹೇಳಿಕೆಯೇ ಮುಖ್ಯ ಆಧಾರವಾದ್ದರಿಂದ ಕಂತಿಯ ಐತಿಹಾಸಿಕತೆಯ ಚರ್ಚೆಯೂ ಇವನ ಬಾಗಿಲಿಗೇ ಬಂದು ನಿಲ್ಲುತ್ತದೆ. ಹೀಗೆ ನಂಬುವವರು, ನಂಬದವರು ಎಂಬ ಎರಡು ಪಂಗಡಗಳ ನಡುವೆ ಕೃತಿ ಸಿಕ್ಕಿಕೊಂಡಿತು.

ಈ ಕೃತಿಯನ್ನು ಮೂರನೆಯ ಬಗೆಯಲ್ಲಿಯೂ ಓದಬಹುದು. ಕ್ರಿಸ್ತಪೂರ್ವದ ಘಟನೆಗೆ ಇದು ದುರ್ಬಲ ಸಾಕ್ಷಿಯಾದರೂ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮಲೆಯೂರಿನ ವಿದ್ವಾಂಸನೊಬ್ಬನು ತನ್ನ ಗತಕಾಲವನ್ನು ಹೇಗೆ ಗ್ರಹಿಸಿದನೆಂಬುದಕ್ಕೆ ಪ್ರಬಲ ಸಾಕ್ಷಿ. ಕೈಫಿಯತ್ತುಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಅವು ಕೇಳಿದವನಿಗಾಗಿ ಹೇಳಿದ ಕಥೆಗಳು; ಕೇಳಿದವನು ಯಾರು, ಹೇಳಿದವನಿಗೆ ಏನು ಬೇಕಿತ್ತು ಎಂಬುದನ್ನು ಬಿಟ್ಟು ಅವುಗಳನ್ನು ಓದಿದರೆ ಅರ್ಧ ಅರ್ಥ ಕೈತಪ್ಪುತ್ತದೆ. ‘ರಾಜಾವಳಿಕಥೆ’ಯ ವಿಶೇಷವೆಂದರೆ ಆ ಸಂದರ್ಭವನ್ನು ಕೃತಿಕಾರನೇ ತಿಳಿಸಿರುವುದು.

ದಾರಿಯ ಸ್ನೇಹಗಳ ಲೆಕ್ಕವನ್ನು ಸಾಮಾನ್ಯವಾಗಿ ದಾರಿ ನಡೆದವನೇ ಬರೆಯುತ್ತಾನೆ. ಅವನ ದಿನಚರಿಯಲ್ಲಿ ಊರವನು ಒಂದು ಸಾಲಾಗುತ್ತಾನೆ. ಕನಕಗಿರಿಯಲ್ಲಿ ಇದು ತಿರುವುಮುರುವಾಯಿತು. ಊರವನ ಗ್ರಂಥದಲ್ಲಿ ಲೋಕ ಸುತ್ತಿದವನು ಒಂದು ಪ್ರಸಂಗವಾದ. ‘ರಾಜಾವಳಿಕಥೆ’ ಪೂರ್ಣವಾಗುವ ಹೊತ್ತಿಗೆ ಮೆಕೆಂಜಿ ತೀರಿಕೊಂಡು 17 ವರ್ಷ ಕಳೆದಿತ್ತು. ಪ್ರಶ್ನೆ ಕೇಳಿದವನು ಉತ್ತರವನ್ನು ಕಾಣಲಿಲ್ಲ. ಕಂಡಿದ್ದರೂ ಅದನ್ನು ಓದಿ ಹೇಳಲು ಅವನಿಗೆ ಮತ್ತೊಬ್ಬ ಜೊತೆಗಾರನೇ ಬೇಕಾಗುತ್ತಿತ್ತು.