ನೀಲಿ ಡ್ರಮ್ಮಿನ ಲೆಕ್ಕ

1/5
ಆವತಿ ಅಂದ ಕೂಡಲೇ ನಾಡಪ್ರಭುಗಳ ಕತೆ ಹೇಳು ಅಂತೀರ. ಅದು ಇನ್ನೊಂದಿನ. ಇವತ್ತು ದ್ರಾಕ್ಷಿ ತೋಟದ ಡ್ರಮ್ಮಿನ ಕತೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ 'ಬೆಂಗಳೂರು ನೀಲಿ' ದ್ರಾಕ್ಷಿ ಬೆಳೆಯೋದು ಗೊತ್ತಲ್ಲ? ಅದಕ್ಕೆ ಹೊಡೆಯೋದನ್ನ ನಾವು ವಿಷ ಅನ್ನಲ್ಲ, ಔಷಧಿ ಅಂತೀವಿ. ಕೂಲಿ ಉಳೀಲಿ ಅಂತ ಕೆಲವರು ಎರಡು ಮೂರು ಔಷಧಿ ಒಂದೇ ಡ್ರಮ್ಮಿಗೆ ಸುರಿದುಬಿಡ್ತಾರೆ. ಒಂದೊಂದರ ವಿಷ ಎಷ್ಟು ಅಂತ ಗೊತ್ತಿದ್ರೆ, ಸೇರಿದಾಗ ಎಷ್ಟಾಗುತ್ತೆ ಅಂತ ಮೊದಲೇ ಹೇಳಬಹುದಾ?

2/5
ಬೆರೆಸಿದ್ರೆ ಕೆಲವು ಸಲ ಹಾನಿ ಕಮ್ಮಿಯಾಗುತ್ತೆ. ತೋಟದವರಿಗೆಲ್ಲ ಗೊತ್ತಿರೋ ಬೋರ್ಡೋ ದ್ರಾವಣವನ್ನೇ ನೋಡಿ. ಫ್ರಾನ್ಸಿನ ಬೋರ್ಡೋದಲ್ಲಿ ಪ್ರೊಫೆಸರ್ ಆಗಿದ್ದ ಮಿಲಾರ್ಡೆ 1885ರಲ್ಲಿ ಅದನ್ನ ಪ್ರಕಟಿಸಿದ್ರು. ಬರೀ ಮೈಲುತುತ್ತ ಹೊಡೆದ್ರೆ ಎಲೆ ಸುಡುತ್ತೆ. ಸುಣ್ಣ ಸೇರಿಸಿದ್ರೆ ಎಲೆ ಉಳಿಯುತ್ತೆ, ರೋಗವೂ ನಿಲ್ಲುತ್ತೆ.

3/5
ಲೆಕ್ಕ ಕಟ್ಟಿದವರು ಆಮೇಲೆ ಬಂದ್ರು. 1926ರಲ್ಲಿ ಲೋವೆ ಮತ್ತು ಮುಯಿಷ್ನೆಕ್ ಹೇಳಿದ್ದು ಒಂದೇ ಥರ ಕೆಲಸ ಮಾಡೋ ವಿಷಗಳ ಬಗ್ಗೆ. ಅರ್ಧದಷ್ಟು ಹುಳ ಸಾಯೋಕೆ ಒಂದು 10 ಎಂಎಲ್, ಇನ್ನೊಂದು 20 ಎಂಎಲ್ ಬೇಕು ಅನ್ಕೊಳ್ಳಿ. 5 ಮತ್ತು 10 ಬೆರೆಸಿದ್ರೂ ಅಷ್ಟೇ ಸಾಯ್ತವೆ. ಎರಡು ಅರ್ಧ ಸೇರಿ ಒಂದು.

ಬೇರೆ ಬೇರೆ ಥರ ಕೊಲ್ಲೋ ವಿಷಗಳಿಗೆ 1939ರಲ್ಲಿ ಅಮೆರಿಕದ ಚೆಸ್ಟರ್ ಬ್ಲಿಸ್ ಇನ್ನೊಂದು ಸೂತ್ರ ಕೊಟ್ರು. ಒಂದು ನೂರಕ್ಕೆ 40 ಹುಳ ಕೊಲ್ಲುತ್ತೆ, ಇನ್ನೊಂದು 30. ಒಟ್ಟು 70 ಅಲ್ಲ! ಉಳಿದ 60ರಲ್ಲಿ ಶೇ 30 ಅಂದ್ರೆ 18. ಒಟ್ಟು 58. ಬಿಕಾಂನವರಿಗೆ ಸುಲಭ: ಡಿಸ್ಕೌಂಟ್ ಮೇಲೆ ಡಿಸ್ಕೌಂಟ್ ಲೆಕ್ಕ.

4/5
ಎರಡೂ ಸೂತ್ರ ಕೈಕೊಟ್ಟಿದ್ದು ಮೆಲಾಥಿಯಾನ್ ವಿಷಯದಲ್ಲಿ. ನಮ್ಮ ದೇಹದ ಒಂದು ಕಿಣ್ವ ಅದನ್ನ ಬೇಗ ಒಡೆದು ಹಾಕುತ್ತೆ, ಹಾಗಾಗಿ ಮನುಷ್ಯರಿಗೆ ಅಪಾಯ ಕಮ್ಮಿ. ಆದ್ರೆ 1957ರಲ್ಲಿ ಅಮೆರಿಕದ ವಿಜ್ಞಾನಿಗಳು ಅದರ ಜೊತೆ ಇಪಿಎನ್ ಅನ್ನೋ ಕೀಟನಾಶಕ ಕೊಟ್ಟು ನೋಡಿದಾಗ, ವಿಷ ಕೂಡಿದ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಏರಿತು. ಯಾಕಂದ್ರೆ ಇಪಿಎನ್ ಆ ಕಿಣ್ವವನ್ನೇ ಕಟ್ಟಿಹಾಕಿತ್ತು.

1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾಗೆ ಮೆಲಾಥಿಯಾನ್ ಸಿಂಪಡಿಸ್ತಿದ್ದ ಸುಮಾರು 7500 ಜನರಲ್ಲಿ 2800ರಷ್ಟು ಮಂದಿಗೆ ವಿಷವೇರಿತು, ಐವರು ತೀರಿಕೊಂಡ್ರು. ಅಲ್ಲಿ ಯಾರೂ ಇನ್ನೊಂದು ಔಷಧಿ ಬೆರೆಸಿರಲಿಲ್ಲ. ಅದೇ ಪುಡಿಯಲ್ಲಿ ಐಸೋಮೆಲಾಥಿಯಾನ್ ಸೇರಿಕೊಂಡಿತ್ತು. ಅದೂ ಅದೇ ಕಿಣ್ವವನ್ನ ಕಟ್ಟಿಹಾಕುತ್ತೆ. ಹೊರಗೆ ಬರೆದಿದ್ದು ಒಂದೇ ಹೆಸರು, ಒಳಗಿದ್ದದ್ದು ಮಿಶ್ರಣ.

5/5
ಹಾಗಾದ್ರೆ ಮೊದಲೇ ಹೇಳಬಹುದಾ? ಹೇಳಬಹುದು, ಆದ್ರೆ ಪ್ರಮಾಣ ಮಾತ್ರ ಗೊತ್ತಿದ್ರೆ ಸಾಲದು. ಪ್ರತಿ ವಿಷ ದೇಹದಲ್ಲಿ ಏನು ಮಾಡುತ್ತೆ, ಇನ್ನೊಂದರ ದಾರಿ ಮುಚ್ಚುತ್ತಾ ಅನ್ನೋದೂ ಗೊತ್ತಿರಬೇಕು. ಹಣ್ಣಲ್ಲಿ ಉಳಿಯೋ ಅಂಶದ ಮಿತಿಯನ್ನ ಇವತ್ತಿಗೂ ಒಂದೊಂದು ಕೀಟನಾಶಕಕ್ಕೆ ಬೇರೆ ಬೇರೆಯಾಗೇ ಇಡ್ತಾರೆ. ಆದ್ರೆ 2002ರಲ್ಲಿ ಲಂಡನ್ನಿನ ಪ್ರಯೋಗವೊಂದರಲ್ಲಿ, ಈಸ್ಟ್ರೊಜೆನ್ ಹಾರ್ಮೋನಿನ ಥರ ವರ್ತಿಸೋ ಎಂಟು ರಾಸಾಯನಿಕಗಳು ಒಂಟಿಯಾಗಿ ಪರಿಣಾಮ ಕಾಣದಷ್ಟು ಕಮ್ಮಿ ಇದ್ರೂ, ಸೇರಿದಾಗ ಪರಿಣಾಮ ಕಾಣಿಸಿತು.

ಡಬ್ಬಿ ಮೇಲಿನ ಸಣ್ಣ ಅಕ್ಷರ ಓದೋ ಕಣ್ಣು ಮನೇಲಿ ನಮಗೇ ಇರೋದು. ಅಪ್ಪನೋ ಮಾವನೋ ಎರಡನೇ ಡಬ್ಬಿ ಮುಚ್ಚಳ ತೆಗೆಯೋ ಮುಂಚೆ, ಯಾವುದರ ಜೊತೆ ಬೆರೆಸಬಾರದು ಅಂತ ಓದಿ ಹೇಳಿ. ಅನುಮಾನ ಇದ್ರೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಒಂದು ದಿನದ ಕೂಲಿ ಹೆಚ್ಚಾದ್ರೂ ಚಿಂತೆಯಿಲ್ಲ.

#ಆವತಿ #ದೇವನಹಳ್ಳಿ #ದ್ರಾಕ್ಷಿತೋಟ